ಹಳೇ ಲಾರಿಯ ಹೊಗೆ, ತುಕ್ಕು ಮತ್ತು ಲೆಕ್ಕ

ಹಳೇ ಲಾರಿ ಕೊಂಡವರ ದುಡ್ಡು ಬಿಡಿಭಾಗದ ಅಂಗಡಿಯಲ್ಲಿ ಕರಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಾನು ಕಂಡಂತೆ ಅದು ಹೋಗುವುದು ಅದಕ್ಕೂ ಮೊದಲೇ, ಏನು ಕೆಟ್ಟಿದೆ ಎಂದು ಗೊತ್ತಾಗುವ ಮುನ್ನ ಎಂಜಿನ್ ಬಿಚ್ಚಲು ಒಪ್ಪಿಬಿಟ್ಟಾಗ. ಅಂಕೋಲೆಯಲ್ಲಿ 2012ರಲ್ಲಿ ಕೊಂಡ ಟಾಟಾ 1613 ಲಾರಿಯ ಖರ್ಚಿನ ಪುಸ್ತಕವನ್ನು ಮುಂದಿಟ್ಟುಕೊಂಡೇ ಈ ಮಾತು ಬರೆಯುತ್ತಿದ್ದೇನೆ.

ಅದು ಕಬ್ಬಿಣದ ಅದಿರು ಸಾಗಿಸುತ್ತಿದ್ದ ಕಾಲದ ಗಾಡಿ. ಹೊಸಪೇಟೆ ಕಡೆಯಿಂದ ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಬೇಲೆಕೇರಿ ಮತ್ತು ಕಾರವಾರದ ಬಂದರಿಗೆ ಹಗಲು ರಾತ್ರಿ ಲಾರಿಗಳು ಬರುತ್ತಿದ್ದ ವರ್ಷಗಳಲ್ಲಿ ನಮ್ಮ ಕಡೆಯ ಎಷ್ಟೋ ಮಂದಿ ಮನೆಯ ಬಂಗಾರ ಒತ್ತೆಯಿಟ್ಟು ಲಾರಿ ತೆಗೆದರು. 2010ರ ಮಾರ್ಚಿನಲ್ಲಿ ಬೇಲೆಕೇರಿಯಲ್ಲಿ ಅದಿರಿನ ರಾಶಿ ಜಪ್ತಿಯಾಯಿತು. ಅದೇ ವರ್ಷದ ಜುಲೈನಲ್ಲಿ ರಾಜ್ಯ ಸರ್ಕಾರ ಬಂದರುಗಳಿಂದ ಅದಿರು ರಫ್ತನ್ನು ನಿಲ್ಲಿಸಿತು. ಮರುವರ್ಷದ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೇ ತಡೆ ಹಾಕಿತು. ಬಾಡಿಗೆ ನಿಂತಿತು, ಕಂತು ನಿಲ್ಲಲಿಲ್ಲ. ಬಾಳೆಗುಳಿ ಕ್ರಾಸಿನ ಆಸುಪಾಸು, ಹಟ್ಟಿಕೇರಿಯ ಹತ್ತಿರ, ಮನೆಯಂಗಳಗಳಲ್ಲಿ ಗಾಡಿಗಳು ಮಳೆ ನೆನೆಯುತ್ತ ನಿಂತವು. ಒಂದೇ ಸರಕು ನಂಬಿ ಮಾಡಿದ ಸಾಲ ಹೇಗೆ ಮನೆ ಮುರಿಯುತ್ತದೆ ಎಂಬುದನ್ನು ಈ ತಾಲ್ಲೂಕು ಕಣ್ಣಾರೆ ಕಂಡಿದೆ. ಆ ನೋವು ಗೊತ್ತಿದ್ದರಿಂದಲೇ ನಾನು ಸಾಲವಿಲ್ಲದೆ, ಕೈಯಲ್ಲಿದ್ದ ದುಡ್ಡಿಗೆ ಸಿಗುವ ಹಳೇ ಗಾಡಿ ಹುಡುಕಿದ್ದು.

ಬೆಲೆ ಮಾತಾಡುವ ಮೊದಲು ಒಂದು ಲೆಕ್ಕ ಮಾಡಿಕೊಂಡೆ. ಗಾಡಿಯ ಖಾಲಿ ತೂಕ ಆರ್‌ಸಿಯಲ್ಲೇ ಇರುತ್ತದೆ. ಅದನ್ನು ಆ ದಿನದ ಗುಜರಿ ದರದಿಂದ ಗುಣಿಸಿದರೆ ಕಬ್ಬಿಣದ ಬೆಲೆ ಬರುತ್ತದೆ. ಮಾರುವವರು ಅದಕ್ಕಿಂತ ಹೆಚ್ಚು ಎಷ್ಟು ಕೇಳುತ್ತಾರೋ ಅಷ್ಟು ಮಾತ್ರ ಎಂಜಿನ್ನಿಗೆ, ಚಾಸಿಗೆ, ಕಾಗದಪತ್ರಕ್ಕೆ ನಾವು ಕೊಡುವ ಹಣ. ನಾನು ಕೊಟ್ಟದ್ದು 2 ಲಕ್ಷದ 30 ಸಾವಿರ. ರಿಪೇರಿಗೆಂದು ತೆಗೆದಿಟ್ಟದ್ದು ಒಂದೂವರೆ ಲಕ್ಷ. ಅದು ಮೀರುವ ಹಾಗೆ ಕಂಡರೆ ಗಾಡಿಯನ್ನು ಗುಜರಿಗೆ ಹಾಕುವುದೆಂದು ಮನೆಯಲ್ಲಿ ಮೊದಲೇ ತೀರ್ಮಾನವಾಗಿತ್ತು.

ಎಂಜಿನ್ ಟಾಟಾದವರ 697. ಆರು ಸಿಲಿಂಡರ್, 97 ಮಿಲಿಮೀಟರ್ ಬೋರ್, 5,675 ಸಿಸಿ. ಟಾಟಾ 1954ರಲ್ಲಿ ಡೈಮ್ಲರ್ ಬೆಂಜ್ ಜತೆ ಕೈಜೋಡಿಸಿದ ಮೇಲೆ ನಮ್ಮ ರಸ್ತೆಗೆ ಬಂದ ಎಂಜಿನ್ನುಗಳ ವಂಶದ್ದು. ಅದರಲ್ಲಿ ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಕಣ್ಣು, ಕಿವಿ, ಎರಡು ಸ್ಪ್ಯಾನರ್ ಇದ್ದರೆ ಅದರ ಕಾಯಿಲೆ ಹಿಡಿಯಬಹುದು. ನಮ್ಮ ಗಾಡಿ ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆದರೆ ಮಾತ್ರ ಚಾಲೂ ಆಗುತ್ತಿತ್ತು, ಆದಮೇಲೂ ಬಿಳಿ ಹೊಗೆ, ಒಂದು ಸಿಲಿಂಡರ್ ಮಿಸ್ಸಿಂಗ್. ನೋಡಿದ ಮೊದಲ ಮೇಸ್ತ್ರಿ, ರಿಂಗ್ ಹೋಗಿದೆ, ಬೋರ್ ಮಾಡಿಸಬೇಕು, 90 ಸಾವಿರ ಆಗ್ತದೆ ಅಂದರು. ಕಾರವಾರದ ಇನ್ನೊಬ್ಬರು ಹಿರಿಯ ಮೇಸ್ತ್ರಿ ಸುಮ್ಮನೆ ಕೇಳಿ, "ತಮಾ, ಬಿಚ್ಚೂದು ಯಾವಾಗ್ಲೂ ಇದ್ದದ್ದೆ. ಮೊದ್ಲು ಪುಕ್ಕಟೆ ಆಗೂದೆಲ್ಲ ನೋಡ್ವ" ಅಂದರು. ಖರ್ಚಿಲ್ಲದ ಪರೀಕ್ಷೆ ಮೊದಲು, ಹೆಚ್ಚು ಖರ್ಚಿನದು ಕೊನೆಗೆ. ನಮ್ಮ ಹಣ ಉಳಿದದ್ದು ಈ ಕ್ರಮದಿಂದ.

ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿದರು. ರಿಂಗ್ ಸವೆದಿದ್ದರೆ ಅಲ್ಲಿಂದ ಹೊಗೆ ಒತ್ತಿ ಬರಬೇಕು. ಬರಲಿಲ್ಲ. ಆಯಿಲ್ ಕಡ್ಡಿ ತೆಗೆದರೆ ಹಾಲು ಬೆರೆಸಿದಂಥ ಬಣ್ಣವಿಲ್ಲ, ರೇಡಿಯೇಟರಿನಲ್ಲಿ ಗುಳ್ಳೆಯೂ ಇಲ್ಲ. ಅಂದಮೇಲೆ ಹೆಡ್ ಗ್ಯಾಸ್ಕೆಟ್ ಮೇಲಿನ ಅನುಮಾನವೂ ದೂರವಾಯಿತು. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ಕಪ್ಪು ಹೊಗೆಯಾದರೆ ಗಾಳಿ ಸಾಲದು ಇಲ್ಲವೆ ಡೀಸೆಲ್ ಹೆಚ್ಚು, ತಣ್ಣನೆ ಎಂಜಿನ್ನಿನ ಬಿಳಿ ಹೊಗೆಯಾದರೆ ಬಹುಪಾಲು ಸುಡದ ಡೀಸೆಲ್. ಆಮೇಲೆ ಫೀಡ್ ಪಂಪಿಗೂ ಫಿಲ್ಟರಿಗೂ ನಡುವೆ ಒಂದು ತುಂಡು ಪಾರದರ್ಶಕ ಪೈಪು ಕೂಡಿಸಿದರು. ಅದರಲ್ಲಿ ಗಾಳಿಗುಳ್ಳೆಗಳು ಸಾಲಾಗಿ ಹೋಗುತ್ತಿದ್ದವು. ಟ್ಯಾಂಕಿನಿಂದ ಬರುವ ರಬ್ಬರ್ ಪೈಪು ಬಿರುಕು ಬಿಟ್ಟಿತ್ತು, ತಾಮ್ರದ ವಾಷರುಗಳು ಗಟ್ಟಿಯಾಗಿ ಕೂರುತ್ತಿರಲಿಲ್ಲ. ರಾತ್ರಿಯಿಡೀ ಅಲ್ಲಿಂದ ಗಾಳಿ ಎಳೆದುಕೊಂಡು ಡೀಸೆಲ್ ಹಿಂದೆ ಇಳಿಯುತ್ತಿತ್ತು, ಬೆಳಿಗ್ಗೆ ಸೆಲ್ಫ್ ಹೊಡೆಯುವ ಪಾಡು ಅದಕ್ಕೇ. ಟ್ಯಾಂಕಿನ ತಳದಲ್ಲಿ ನೀರೂ ಇತ್ತು. ಮಳೆಗಾಲ ಕಳೆದ ಗಾಡಿಯಲ್ಲಿ ನೀರಿಲ್ಲದ ಟ್ಯಾಂಕ್ ಸಿಕ್ಕರೆ ಪುಣ್ಯ.

ಇವನ್ನೆಲ್ಲ ಸರಿಮಾಡಿದ ಮೇಲೂ ಮಿಸ್ಸಿಂಗ್ ಉಳಿಯಿತು. ಇಂಜೆಕ್ಟರಿನ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸ್ವಲ್ಪ ಸಡಿಲಿಸುತ್ತ ಹೋದರು. ಕೆಲಸ ಮಾಡುವ ಸಿಲಿಂಡರಿನದು ಸಡಿಲಿಸಿದರೆ ಎಂಜಿನ್ನಿನ ಓಟ ಕುಗ್ಗುತ್ತದೆ, ಸತ್ತ ಸಿಲಿಂಡರಿನದಾದರೆ ಏನೂ ಆಗುವುದಿಲ್ಲ. ನಾಲ್ಕನೆಯದರಲ್ಲಿ ಏನೂ ಆಗಲಿಲ್ಲ. (ಈ ಕೆಲಸಕ್ಕೆ ಕನ್ನಡಕ ಬೇಕು, ಬೆರಳು ದೂರವಿರಬೇಕು. ಆ ಒತ್ತಡದ ಡೀಸೆಲ್ ಚರ್ಮದೊಳಗೆ ನುಗ್ಗುತ್ತದೆ.) ನಾಲ್ಕರ ಇಂಜೆಕ್ಟರನ್ನು ಐದಕ್ಕೆ, ಐದರದನ್ನು ನಾಲ್ಕಕ್ಕೆ ಹಾಕಿದಾಗ ಮಿಸ್ಸಿಂಗ್ ಐದಕ್ಕೆ ಹೋಯಿತು. ಸಿಲಿಂಡರ್ ಗಟ್ಟಿಯಿದೆ, ನಾಝಲ್ ಕೆಟ್ಟಿದೆ ಎಂದು ಅಲ್ಲಿಗೆ ಖಾತ್ರಿಯಾಯಿತು. ಆರೂ ನಾಝಲ್ ಬದಲಿಸಿ, ಪಂಪನ್ನು ಹುಬ್ಬಳ್ಳಿಗೆ ಕಳಿಸಿ ಕ್ಯಾಲಿಬ್ರೇಶನ್ ಮಾಡಿಸಿದೆ. ಆ ಪಂಪು ತಯಾರಿಸಿದ, 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ಕಂಪನಿ 2008ರಲ್ಲಿ ಬಾಶ್ ಎಂಬ ಹೆಸರು ತಳೆದರೂ ಗ್ಯಾರೇಜುಗಳಲ್ಲಿ ಅದು ಇನ್ನೂ ಮೈಕೋ ಪಂಪೇ. ಅದರ ಭಾಗ ಸಿಗದ ಊರಿಲ್ಲ, ಹಳೇ ಗಾಡಿ ಆರಿಸುವಾಗ ಇದೂ ಹಣದ ವಿಷಯವೇ. ಎಲ್ಲ ಸೇರಿ ಖರ್ಚು 15 ಸಾವಿರದೊಳಗೆ ಮುಗಿಯಿತು.

ಚಾಸಿಯ ಕೆಲಸದಲ್ಲಿ ಮಾತ್ರ ನಾನು ಕೈ ಬಿಗಿ ಹಿಡಿಯಲಿಲ್ಲ. ಅದಿರಿನ ಕೆಂಪು ಕೆಸರು ಚಾನಲ್ಲಿನ ಒಳಗೆ ಕೂತು ತೇವ ಹಿಡಿದಿಟ್ಟಿತ್ತು, ಮೇಲಿಂದ ಕಡಲ ಗಾಳಿ. ಸುತ್ತಿಗೆಯಿಂದ ಬಡಿಯುತ್ತ ಹೋದರೆ ಒಳ್ಳೆ ಕಬ್ಬಿಣ ಗಂಟೆಯ ಹಾಗೆ ದನಿಗೊಡುತ್ತದೆ, ತುಕ್ಕು ತಿಂದ ಜಾಗ ಮೊದ್ದಾಗಿ ಕೇಳಿಸುತ್ತದೆ. ಅಂಥ ಜಾಗಗಳಿಗೆ ಸೀಮೆಸುಣ್ಣದ ಗುರುತು ಹಾಕಿ, ವೆಲ್ಡರಿಗೆ ಅದರ ಮೇಲೆಯೇ ದರ ಕೇಳಿದೆ. ಗುರುತಿಲ್ಲದೆ ದರ ಕೇಳಿದರೆ ಯಾರೇ ಆದರೂ ಅಂದಾಜಿನಲ್ಲಿ ಹೆಚ್ಚೇ ಹೇಳುತ್ತಾರೆ, ಅದು ಅವರ ತಪ್ಪೂ ಅಲ್ಲ.

ಮೊದಲ ದಿನದ ವೆಲ್ಡಿಂಗ್ ಕೂರಲಿಲ್ಲ. ರಾಡ್ ಅಂಟಿಕೊಳ್ಳುತ್ತಿತ್ತು, ಸ್ಲ್ಯಾಗ್ ತೆಗೆದರೆ ಕೆಳಗೆ ಬರೀ ಬ್ಲೋಹೋಲ್. ದೊಡ್ಡ ಮಷಿನ್ ಬಾಡಿಗೆಗೆ ತರುವ ಮಾತು ಬಂತು. ಅದಕ್ಕೂ ಮೊದಲು ಹುಡುಕಿದಾಗ ಸಿಕ್ಕ ಕಾರಣಗಳೆಲ್ಲ ಪುಡಿಗಾಸಿನವು. ಅರ್ಥಿಂಗ್ ಕ್ಲಾಂಪನ್ನು ಬಣ್ಣ ಬಳಿದ ಬಾಡಿಯ ಭಾಗಕ್ಕೆ ಸಿಕ್ಕಿಸಿದ್ದರು. ವೈರು ಉದ್ದ, ತೆಳ್ಳಗಿನದು, ಸಂಜೆಯ ವೋಲ್ಟೇಜೂ ಕಡಿಮೆ. ಎಲ್ಲಕ್ಕಿಂತ ಮುಖ್ಯ, ರಾಡಿನ ಡಬ್ಬಿ ತೆರೆದಿಟ್ಟದ್ದು. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ಈ ಕರಾವಳಿಯಲ್ಲಿ ರಾಡಿನ ಮೇಲಿನ ಲೇಪ ತೇವ ಹೀರುತ್ತದೆ. ಚಾಸಿಗೆ ಬಳಸುವ 7018 ರಾಡಿಗಂತೂ ತೇವ ವಿಷ. ಬೆಸುಗೆ ಹೊರಗೆ ಚೆಂದ ಕಂಡರೂ ಒಳಗೆ ಬಿರುಕು ಹುಟ್ಟುತ್ತದೆ. ಅದನ್ನು 300 ಡಿಗ್ರಿಗಿಂತ ಮೇಲಿನ ಓವನ್ನಿನಲ್ಲಿ ಗಂಟೆಗಟ್ಟಲೆ ಕಾಯಿಸಬೇಕು, ಇಲ್ಲವೆ ಹೊಸ ಪ್ಯಾಕೆಟ್ ಒಡೆದು ಅಂದೇ ಮುಗಿಸಬೇಕು. ಹೊಸ ಪ್ಯಾಕೆಟ್ ತಂದೆವು, ಗ್ರೈಂಡರಿನಿಂದ ಬಿಳಿ ಕಬ್ಬಿಣ ಕಾಣುವವರೆಗೆ ಉಜ್ಜಿ, ಬೆಸುಗೆಯ ಪಕ್ಕದಲ್ಲೇ ಅರ್ಥಿಂಗ್ ಕೊಟ್ಟು, ಬೆಳಗಿನ ಕರೆಂಟಿನಲ್ಲಿ ಕೆಲಸ ಮಾಡಿದೆವು. ಅದೇ ಮಷಿನ್, ಅದೇ ಕೈ, ಬೆಸುಗೆ ಚೊಕ್ಕವಾಗಿ ಕೂತಿತು. ಬ್ಯಾಟರಿಯ ತಂತಿ ಕಳಚದೆ ಯಾವ ಗಾಡಿಗೂ ವೆಲ್ಡಿಂಗ್ ಮಾಡಿಸಬೇಡಿ. ಆಲ್ಟರ್ನೇಟರ್ ಸುಟ್ಟರೆ ಉಳಿಸಿದ್ದೆಲ್ಲ ಅಲ್ಲಿಗೆ ಹೋಗುತ್ತದೆ.

ಹಿಂದಿನ ಪಾಟಾದ (ಸ್ಪ್ರಿಂಗ್ ಪಟ್ಟಿಯ) ಬ್ರ್ಯಾಕೆಟ್ ಹತ್ತಿರ ಹಳೆಯ ಬೆಸುಗೆಯೊಂದು ಬಿರಿದಿತ್ತು. ಚಾಸಿಯ ಕೆಳಂಚಿಗೆ ಅಡ್ಡಲಾಗಿ ಹಾಕಿದ್ದರು. ಹೊರೆಯ ಎಳೆತವೆಲ್ಲ ಬೀಳುವುದು ಆ ಅಂಚಿನ ಮೇಲೆಯೇ, ಅಡ್ಡ ಬೆಸುಗೆ ಅಲ್ಲೇ ಸೀಳುತ್ತದೆ. ಬಿರುಕಿನ ತುದಿಗೆ ಸಣ್ಣ ತೂತು ಕೊರೆದು ಅದು ಮುಂದೆ ಹೋಗದಂತೆ ತಡೆದು, ಬಿರುಕನ್ನು ತುಂಬಿ, ತುದಿಗಳು ಓರೆಯಾಗಿ ಕತ್ತರಿಸಿದ ಪ್ಲೇಟನ್ನು ಚಾನಲ್ಲಿನ ನಡುಭಾಗಕ್ಕೆ ಉದ್ದುದ್ದ ಕೂಡಿಸಿದರು. ಡೀಸೆಲ್ ಟ್ಯಾಂಕಿನ ತೂತಿಗೆ ಬೆಸುಗೆ ಹಾಕಿಸದೆ ಗುಜರಿಯಿಂದ ಬೇರೆ ಟ್ಯಾಂಕ್ ತಂದೆ. ಖಾಲಿ ಟ್ಯಾಂಕಿನೊಳಗಿನ ಆವಿ ಸಿಡಿದರೆ ಜೀವ ಹೋಗುತ್ತದೆ, ಅಲ್ಲಿ ಉಳಿತಾಯದ ಮಾತೇ ಇಲ್ಲ. ಕ್ಯಾಬಿನ್ನಿನ ತುಕ್ಕನ್ನು ಮುಂದಿನ ವರ್ಷಕ್ಕೆ ಬಿಟ್ಟೆ. ಬಣ್ಣ ಅದಕ್ಕೂ ಆಮೇಲೆ.

ಕಾಗದಪತ್ರದಲ್ಲಿ ಎರಡೇ ಮಾತು. ಸಾಲ ತೀರಿದ ಗಾಡಿಯಾದರೆ ಸಾಲ ಕೊಟ್ಟವರ ಹಕ್ಕು ತೆಗೆಯುವ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಓಡಿಸುತ್ತಿಲ್ಲ ಎಂದು ಆರ್‌ಟಿಓಗೆ ಮೊದಲೇ ತಿಳಿಸದ ಗಾಡಿಗೆ ನಿಂತಲ್ಲೇ ತೆರಿಗೆ ಬೆಳೆದಿರುತ್ತದೆ, ಆ ಬಾಕಿ ಕೊನೆಗೆ ಕೊಂಡವರ ಹೆಗಲಿಗೆ ಬರುತ್ತದೆ. ಇನ್ನು ಫಿಟ್‌ನೆಸ್. ಎಂಟು ವರ್ಷ ದಾಟಿದ ಲಾರಿಗೆ ಇದು ಪ್ರತಿವರ್ಷದ ಖರ್ಚು. 2022ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಭಾರೀ ಲಾರಿಗೆ ಕೇಂದ್ರದ ನಿಯಮ 12,500 ರೂಪಾಯಿ ಶುಲ್ಕ ಗೊತ್ತುಮಾಡಿತು, 2025ರ ನವೆಂಬರಿನ ಪರಿಷ್ಕರಣೆಯಲ್ಲಿ 20 ವರ್ಷ ದಾಟಿದ್ದಕ್ಕೆ 25,000 ಆಯಿತು. ಆದಾಯ ತೆರಿಗೆಯ ಅಂದಾಜು ಪದ್ಧತಿಯಲ್ಲಿ ಭಾರೀ ಲಾರಿಯ ಆದಾಯವನ್ನು ಟನ್ನಿಗೆ ತಿಂಗಳಿಗೆ 1,000 ರೂಪಾಯಿ ಎಂದು ಹಿಡಿಯುತ್ತಾರೆ. 16 ಟನ್ ಒಟ್ಟು ತೂಕದ ಗಾಡಿಗೆ ವರ್ಷಕ್ಕೆ 1 ಲಕ್ಷ 92 ಸಾವಿರ. ಗಾಡಿ ನಿಂತ ತಿಂಗಳೂ ಅದರಲ್ಲಿ ಸೇರುತ್ತದೆ.

ಇಷ್ಟಾದರೂ ನಮ್ಮ ಕರಾವಳಿಗೆ ಕಂತಿಲ್ಲದ ಹಳೇ ಗಾಡಿಯೇ ಸರಿ ಎಂಬ ನನ್ನ ಅಭಿಪ್ರಾಯ 2024ರ ಮಳೆಗಾಲದಲ್ಲಿ ಗಟ್ಟಿಯಾಯಿತು. ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಲಾರಿಯೊಂದರ ಸಮೇತ ಕುಸಿಯಿತು, ಚಾಲಕನನ್ನು ಬದುಕಿಸಿದರು. ಬಾಡಿಗೆ ಇಲ್ಲದ ಆ ವಾರಗಳಲ್ಲಿ ಹೊಸ ಲಾರಿಯವರು ಕಂತಿಗಾಗಿ ಕೈಸಾಲ ಕೇಳುತ್ತಿದ್ದುದನ್ನು ನೋಡಿದೆ. ನಮ್ಮ ಗಾಡಿ ಅಂಗಳದಲ್ಲಿ ನಿಂತಿತ್ತು, ಚಾಲಕರ ಸಂಬಳದ ಹೊರತು ಬೇರೆ ದೊಡ್ಡ ಖರ್ಚು ಇರಲಿಲ್ಲ. ಎರಡು ತಿಂಗಳ ಸಂಬಳವನ್ನು ಮಳೆಗಾಲಕ್ಕೆಂದೇ ಬ್ಯಾಂಕಿನಲ್ಲಿ ಇಟ್ಟುಕೊಳ್ಳುವ ರೂಢಿ ನಮ್ಮಲ್ಲಿದೆ, ಲಾರಿ ಇರುವ ಪ್ರತಿ ಮನೆಯೂ ಇದನ್ನು ಮಾಡಬೇಕು.

ಹಳೇ ಲಾರಿ ನೋಡಲು ಹೋಗುವವರು ಮಾರುವವರಿಗೆ ಹಿಂದಿನ ದಿನವೇ ಹೇಳಿ, ನಾವು ಬರುವವರೆಗೆ ಗಾಡಿ ಚಾಲೂ ಮಾಡಬೇಡಿ ಎಂದು. ಬೆಳಿಗ್ಗೆ ಹೋಗಿ, ಎಂಜಿನ್ನಿಗೆ ಕೈಯಿಟ್ಟು ತಣ್ಣಗಿದೆಯೇ ನೋಡಿ, ಆಮೇಲೆ ಸೆಲ್ಫ್ ಹೊಡೆಸಿ. ಬಿಸಿಯಾಗಿದ್ದರೆ ಅಂದು ಬೆಲೆ ಮಾತಾಡದೆ ವಾಪಸು ಬನ್ನಿ.