ಸುಣ್ಣದ ನೀರೂ ಕಣ್ಣಿನ ಬೆಳಕೂ

ಎಲೆ ಅಡಿಕೆಯೊಡನೆ ಮೆಲ್ಲುವ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ ನಮಗೆ ಬಹು ಪರಿಚಿತವಾದ ವಸ್ತು. ಆದುದರಿಂದಲೇ ಅದರ ಭಯ ನಮಗಿಲ್ಲ. ಆದರೆ ಅಂಗಡಿಯಿಂದ ತಂದ ಸುಣ್ಣದ ಪೊಟ್ಟಣವನ್ನು ಮಗುವೊಂದು ಆಟಕ್ಕೆಂದು ಹಿಸುಕಿದಾಗ ಅದು ಒಡೆದು ಕಣ್ಣಿಗೆ ಸಿಡಿಯುವುದುಂಟು. ನಮ್ಮ ದೇಶದ ನೇತ್ರವೈದ್ಯರು ಇಂಥ ಮಕ್ಕಳನ್ನು ಮತ್ತೆ ಮತ್ತೆ ಕಂಡಿದ್ದಾರೆ. ಚಿಟಿಕೆ ಸುಣ್ಣ ಕಣ್ಣಿಗೆ ಮಾಡುವ ಕೇಡಾದರೂ ಏನು?

ಕಣ್ಣಿನ ಕಪ್ಪುಭಾಗದ ಮುಂದೆ ಗಡಿಯಾರದ ಗಾಜಿನಂತೆ ಕುಳಿತಿರುವ ಪಾರದರ್ಶಕ ಪಟಲಕ್ಕೆ ಕಾರ್ನಿಯ ಎಂದು ಹೆಸರು. ನಡುವೆ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರು ಮಾತ್ರ. ಅದರಲ್ಲಿ ರಕ್ತನಾಳಗಳಿಲ್ಲ, ಆಮ್ಲಜನಕವನ್ನು ಅದು ಬಹುಮಟ್ಟಿಗೆ ಕಣ್ಣೀರಿನ ಮೂಲಕ ಗಾಳಿಯಿಂದಲೇ ಪಡೆಯುತ್ತದೆ. ನರಗಳ ತುದಿಗಳಾದರೋ ಅದರಲ್ಲಿ ದಟ್ಟವಾಗಿವೆ. ಈರುಳ್ಳಿ ಹೆಚ್ಚುವಾಗ ಹೊಮ್ಮುವ ಆವಿ ಈ ನರಗಳನ್ನು ಕೆರಳಿಸಿದೊಡನೆ ಕಣ್ಣೀರು ಸುರಿದು ಅದನ್ನು ತೊಳೆದುಬಿಡುತ್ತದೆ. ಇಲ್ಲಿ ಉರಿಯುಂಟು, ಆದರೆ ಉಳಿಯುವ ಗಾಯವಿಲ್ಲ.

ಸುಣ್ಣದ ರೀತಿ ಬೇರೆ. ಕಣ್ಣೀರಿನ ಪಿ.ಎಚ್. ಅಂಕ ಸುಮಾರು 7.4, ತಿಳಿ ಸುಣ್ಣದ ನೀರಿನದು ಸುಮಾರು 12.4. ಈ ಮಾಪನದಲ್ಲಿ ಒಂದೊಂದು ಅಂಕವೂ ಹತ್ತು ಪಟ್ಟಿನ ವ್ಯತ್ಯಾಸವನ್ನು ಸೂಚಿಸುವುದರಿಂದ, ಇವೆರಡರ ಅಂತರ ಲಕ್ಷ ಪಟ್ಟು! ಎಣ್ಣೆಗೆ ಕ್ಷಾರವನ್ನು ಬೆರೆಸಿದರೆ ಸಾಬೂನಾಗುವುದನ್ನು ನಾವು ಬಲ್ಲೆವು. ಜೀವಕೋಶಗಳ ಹೊರಪೊರೆಯಲ್ಲಿಯೂ ಕೊಬ್ಬಿನ ಅಂಶವಿದೆ. ಕ್ಷಾರವು ಅದನ್ನೂ ಹಾಗೆಯೇ ಕರಗಿಸಿ ಒಳಕ್ಕೆ ಇಳಿಯುತ್ತಾ ಹೋಗುತ್ತದೆ. ಆಮ್ಲಗಳು ಸಾಮಾನ್ಯವಾಗಿ ಮೇಲ್ಪದರದ ಪ್ರೋಟೀನನ್ನು ಹೆಪ್ಪುಗಟ್ಟಿಸುವುದರಿಂದ ಆ ಹೆಪ್ಪೇ ಒಂದು ತಡೆಯಾಗುತ್ತದೆ. ಕ್ಷಾರಕ್ಕೆ ಅಂಥ ತಡೆಯಿಲ್ಲ. ಮೇಲಾಗಿ, ರೆಪ್ಪೆಯ ಅಡಿಯಲ್ಲಿ ಸಿಕ್ಕಿದ ಸುಣ್ಣದ ಕಣಗಳು ಕರಗುತ್ತಾ ಹೊಸ ಕ್ಷಾರವನ್ನು ಒದಗಿಸುತ್ತಲೇ ಇರುತ್ತವೆ.

ಕಾರ್ನಿಯದ ಮೇಲ್ಪದರ ಮಾತ್ರ ಕೆತ್ತಿಹೋದರೆ ಕೆಲವೇ ದಿನಗಳಲ್ಲಿ ಅದು ಮತ್ತೆ ಬೆಳೆಯುವುದು. ಹಾಗೆ ಬೆಳೆಸುವ ಮೂಲಕೋಶಗಳು ಕಪ್ಪು ಬಿಳುಪುಗಳು ಕೂಡುವ ಅಂಚಿನಲ್ಲಿವೆ. ಅವು ಸತ್ತರೆ ಬಿಳಿಭಾಗದ ಪೊರೆ ರಕ್ತನಾಳಗಳೊಡನೆ ಕಾರ್ನಿಯದ ಮೇಲೆ ಹಬ್ಬಿ ಗಾಜು ಮಸುಕಾಗುತ್ತದೆ. ಸುಟ್ಟ ಕಣ್ಣು ಕೆಂಪಾಗದೆ ಬಿಳಿಚಿಕೊಂಡಿದ್ದರೆ ನಾವು ಸಮಾಧಾನಪಡುವಂತಿಲ್ಲ. ಅಂಚಿನ ರಕ್ತನಾಳಗಳೇ ಮುಚ್ಚಿಹೋಗಿರಬಹುದು.

ಇಂಥ ಕಣ್ಣಿಗೂ ವೈದ್ಯಶಾಸ್ತ್ರದ ಇತಿಹಾಸಕ್ಕೂ ನಂಟುಂಟು. 1905ರ ಡಿಸೆಂಬರಿನಲ್ಲಿ, ಇಂದು ಚೆಕ್ ದೇಶದಲ್ಲಿರುವ ಓಲೊಮೌಟ್ಸ್ ಪಟ್ಟಣದಲ್ಲಿ, ಎಡ್ವರ್ಡ್ ಜಿರ್ಮ್ ಎಂಬ ವೈದ್ಯನು ಸುಣ್ಣದಿಂದ ಎರಡು ಕಣ್ಣುಗಳನ್ನೂ ಕಳೆದುಕೊಂಡಿದ್ದ ಕೂಲಿಗಾರನೊಬ್ಬನಿಗೆ ಬೇರೊಬ್ಬರ ಕಾರ್ನಿಯವನ್ನು ಕಸಿಮಾಡಿದನು. ಒಂದು ಕಣ್ಣಿನಲ್ಲಿ ಕಸಿ ತಿಳಿಯಾಗಿ ಉಳಿಯಿತು. ಮನುಷ್ಯರಲ್ಲಿ ಫಲಿಸಿದ ಮೊದಲ ಕಾರ್ನಿಯದ ಕಸಿ ಇದೇ. ಆದರೆ ಅಂಚಿನ ಮೂಲಕೋಶಗಳು ನಾಶವಾಗಿದ್ದರೆ ಕಾರ್ನಿಯವನ್ನು ಬದಲಿಸಿದ ಮಾತ್ರಕ್ಕೆ ಫಲ ನಿಲ್ಲದು. ಅದಕ್ಕಾಗಿ, ಕೆಡದ ಇನ್ನೊಂದು ಕಣ್ಣಿನ ಅಂಚಿನಿಂದ ಸಣ್ಣ ಚೂರನ್ನು ತೆಗೆದು ನೆಡುವ ಸುಲಭ ವಿಧಾನವೊಂದನ್ನು ಹೈದರಾಬಾದಿನ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯ ವೈದ್ಯರು 2012ರಲ್ಲಿ ಪ್ರಕಟಿಸಿದರು.

ಆದರೂ ಶಸ್ತ್ರಚಿಕಿತ್ಸೆಗಿಂತ ಹೆಚ್ಚು ಕಣ್ಣನ್ನು ಉಳಿಸಬಲ್ಲದು ಮನೆಯ ನೀರೇ. ಸುಣ್ಣ ಬಿದ್ದ ಕ್ಷಣವೇ ರೆಪ್ಪೆಗಳನ್ನು ಬಿಡಿಸಿ ಹಿಡಿದು, ಶುದ್ಧವಾದ ತಣ್ಣೀರನ್ನು ಅರ್ಧ ಗಂಟೆಯವರೆಗೆ ಧಾರೆಯಾಗಿ ಹರಿಸಬೇಕು. ಮಗು ಅತ್ತರೂ ನಿಲ್ಲಿಸಬಾರದು. ಕಾಣುವ ಕಣಗಳನ್ನು ನೀರಿನಿಂದಲೇ ತೊಳೆದು ಹೊರಡಿಸಬೇಕು, ಕಣ್ಣನ್ನು ಉಜ್ಜಕೂಡದು. ಕ್ಷಾರಕ್ಕೆ ಆಮ್ಲವೇ ಮದ್ದೆಂದು ನಿಂಬೆರಸ ಹಿಂಡುವುದು ಗಾಯದ ಮೇಲೆ ಇನ್ನೊಂದು ಗಾಯ ಮಾಡಿದಂತೆ. ಎಣ್ಣೆ, ಹಾಲುಗಳನ್ನೂ ಹಾಕಬಾರದು. ತೊಳೆದ ಬಳಿಕ, ಉರಿ ತಗ್ಗಿದ್ದರೂ ಸಹ, ಕೂಡಲೇ ನೇತ್ರವೈದ್ಯರ ಬಳಿಗೆ ಒಯ್ಯತಕ್ಕದ್ದು; ರೆಪ್ಪೆಯನ್ನು ಮಗುಚಿ ಉಳಿದ ಕಣಗಳನ್ನು ತೆಗೆಯುವುದು ಅವರ ಕೆಲಸ.

ಸುಣ್ಣದ ಪೊಟ್ಟಣವನ್ನು ಮಗುವಿನ ಕೈಗೆಟುಕದ ಎತ್ತರದಲ್ಲಿಡಲು ನಮಗೆ ಬೇಕಾದುದು ಒಂದು ಗಳಿಗೆ. ಮಸುಕಾದ ಕಣ್ಣನ್ನು ತಿಳಿಗೊಳಿಸಲು ಕೆಲವೊಮ್ಮೆ ಒಂದು ಆಯುಷ್ಯವೂ ಸಾಲದು.