ಬೇಗ ಬಂದ ಚಿಗುರು, ತಡವಾಗಿ ಬಂದ ಚಳಿ



ನಮ್ಮ ವಿಜಯಪುರ, ಬಾಗಲಕೋಟೆ ಕಡೆ ದ್ರಾಕ್ಷಿಗೆ ಏಪ್ರಿಲಿನಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಚಾಟನಿ ಮಾಡುತ್ತಾರೆ. ನಮ್ಮ ಬಳ್ಳಿಗೆ ಚಳಿಗಾಲದ ನಿದ್ದೆ ಇಲ್ಲ. ಫ್ರಾನ್ಸ್ ದೇಶದಲ್ಲಿ ಹಾಗಲ್ಲ. ಅಲ್ಲಿ ಬಳ್ಳಿ ಎಲೆ ಉದುರಿಸಿ ಚಳಿಗಾಲವೆಲ್ಲ ಮಲಗಿರುತ್ತದೆ. ಆಗ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿಯನ್ನೂ ಮೊಗ್ಗು ತಡೆದುಕೊಳ್ಳುತ್ತದೆ.

ಆದರೆ ದಿನದ ಸರಾಸರಿ ಉಷ್ಣಾಂಶ ಸುಮಾರು 10 ಡಿಗ್ರಿ ದಾಟಿತೆಂದರೆ ಮೊಗ್ಗು ಉಬ್ಬಿ ಚಿಗುರುತ್ತದೆ. ಎಳೆ ಚಿಗುರಿನ ತುಂಬ ನೀರು. ಸೊನ್ನೆಗಿಂತ ಎರಡು ಡಿಗ್ರಿ ಕೆಳಗಿಳಿದರೂ ಸಾಕು, ಆ ನೀರು ಹೆಪ್ಪುಗಟ್ಟಿ ಚಿಗುರು ಸುಟ್ಟ ಹಾಗೆ ಕಪ್ಪಾಗುತ್ತದೆ. ಒಂದು ಕಣ್ಣಿನಲ್ಲಿ ಮುಖ್ಯ ಮೊಗ್ಗಿನ ಪಕ್ಕ ಬೇರೆ ಮೊಗ್ಗುಗಳೂ ಇರುತ್ತವೆ. ಅವು ಆಮೇಲೆ ಚಿಗುರಿದರೂ ಗೊನೆ ಕಡಿಮೆ.

2021ರಲ್ಲಿ ಆದದ್ದು ಇದೇ. ಮಾರ್ಚ್ ಕೊನೆಗೆ ಬಿಸಿಲು ಹೆಚ್ಚಾಗಿ ಬಳ್ಳಿಗಳು ಬೇಗ ಚಿಗುರಿದವು. ಏಪ್ರಿಲ್ 7-8ರ ಸುಮಾರಿಗೆ ಕಡು ಚಳಿ ಬಿತ್ತು. ಇದರ ಜೊತೆಗೆ ಬೇಸಿಗೆಯ ಮಳೆ, ರೋಗವೂ ಸೇರಿ ಆ ವರ್ಷ ಫ್ರಾನ್ಸಿನ ವೈನ್ ಉತ್ಪಾದನೆ ಹಿಂದಿನ ವರ್ಷಕ್ಕಿಂತ ಸುಮಾರು ಐದನೇ ಒಂದು ಪಾಲು ಕುಸಿಯಿತು.

ಭೂಮಿ ಬಿಸಿಯಾಗುತ್ತಿದ್ದರೆ ಚಳಿಯ ಹಾನಿ ಕಡಿಮೆಯಾಗಬೇಕಲ್ಲವೇ ಎಂದು ನೀವು ಕೇಳಬಹುದು. ಒಳ್ಳೇ ಪ್ರಶ್ನೆ. ಬಿಸಿಯಿಂದ ಚಿಗುರು ಮುಂಚೆ ಬರುತ್ತದೆ. ಕೊನೆಯ ಚಳಿ ಮಾತ್ರ ಅಷ್ಟು ಬೇಗ ಹಿಂದೆ ಸರಿಯುವುದಿಲ್ಲ. ಅಪಾಯ ಇರುವುದು ಅಲ್ಲೇ.

ಅಲ್ಲಿಯ ರೈತರು ಏನು ಮಾಡುತ್ತಾರೆ?

1. ತಡವಾಗಿ ಚಾಟನಿ ಮಾಡಿ ಚಿಗುರನ್ನು ಕೆಲವು ದಿನ ಮುಂದಕ್ಕೆ ಹಾಕುತ್ತಾರೆ.
2. ಸಾಲುಗಳ ನಡುವೆ ದೊಡ್ಡ ಮೇಣದ ಡಬ್ಬಿಗಳನ್ನು ಹಚ್ಚುತ್ತಾರೆ. ಎಕರೆಗೆ ನೂರಕ್ಕೂ ಹೆಚ್ಚು ಬೇಕು, ಖರ್ಚು ಬಹಳ.
3. ರಾತ್ರಿಯೆಲ್ಲ ನೀರು ಚಿಮುಕಿಸುತ್ತಾರೆ. ನೀರು ಮಂಜುಗಡ್ಡೆಯಾಗುವಾಗ ಶಾಖ ಬಿಡುತ್ತದೆ, ಚಿಗುರು ಉಳಿಯುತ್ತದೆ. ನಡುವೆ ನೀರು ನಿಂತರೆ ಮಾತ್ರ ಕೆಡುಕು.
4. ತಣ್ಣನೆ ಗಾಳಿ ತಗ್ಗಿನಲ್ಲಿ ನಿಲ್ಲುವುದರಿಂದ ತಗ್ಗು ಜಾಗದಲ್ಲಿ ಬಳ್ಳಿ ಹಾಕುವುದಿಲ್ಲ.

ನಮ್ಮ ಕಡೆ ದ್ರಾಕ್ಷಿ ಸೀಮೆಯಲ್ಲಿ ಈ ಹೆಪ್ಪುಗಟ್ಟುವ ಚಳಿಯ ಭಯ ಇಲ್ಲ. ನಮ್ಮ ಎಳೆ ಚಿಗುರಿಗೆ ಶತ್ರು ಅಕ್ಟೋಬರ್ ಚಾಟನಿ ಆದಮೇಲೆ ಬರುವ ಅಕಾಲ ಮಳೆ, ಅದರ ಹಿಂದೆಯೇ ಬರುವ ಡೌನಿ ರೋಗ. ಶತ್ರು ಬೇರೆ, ಪಾಠ ಒಂದೇ: ಬೆಳೆಗೆ ಅತ್ಯಂತ ಕಷ್ಟದ ಕಾಲ ಚಿಗುರಿನ ಕಾಲ. ಚಿಗುರು ಹೋದರೆ ತೋಟದವರ ಸಾಲ ಉಳಿಯುತ್ತದೆ. ಗೊನೆ ಕೊಯ್ಯುವ ಕೂಲಿ ಹೆಣ್ಣುಮಕ್ಕಳ ಪಗಾರವೂ ಹೋಗುತ್ತದೆ. ಈ ಎರಡನೆಯ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾವಾದರೂ ಹಿಡಿಯೋಣ.

ಸಭೆಯಲ್ಲಿ ಚರ್ಚಿಸಿರಿ:

- ತೋಟ ಇರುವವರು ಎಲ್ಲ ಬಳ್ಳಿಗೂ ಒಂದೇ ದಿನ ಚಾಟನಿ ಮಾಡದೆ, ಭಾಗ ಮಾಡಿ ಮಾಡಿದರೆ ಹೇಗೆ?
- ಹವಾಮಾನ ಆಧಾರಿತ ಬೆಳೆ ವಿಮೆಯ ಕೊನೆಯ ದಿನಾಂಕವನ್ನು ತೋಟಗಾರಿಕೆ ಇಲಾಖೆಯಲ್ಲಿ ಯಾರು ಕೇಳಿ ಬರುತ್ತೀರಿ?
- ಕೂಲಿ ತಪ್ಪಿದ ತಿಂಗಳಲ್ಲಿ ಸದಸ್ಯೆಯ ಕಂತನ್ನು ಮುಂದೂಡಲು ನಮ್ಮ ಸಂಘದಲ್ಲಿ ನಿಯಮ ಇದೆಯೇ? ಇಲ್ಲದಿದ್ದರೆ ಈ ಸಭೆಯಲ್ಲೇ ಠರಾವು ಬರೆಯಿರಿ.