ಎರೆಮಣ್ಣಿನಲ್ಲಿ ಸಂಪಿಗೆ

ಮುಂಬಯಿಯ ನೌಕರಿ ಮುಗಿಸಿ ನಾಸಿಕ ಜಿಲ್ಲೆಯ ದಿಂಡೋರಿಯಂತಹ ಊರಿನಲ್ಲಿ ನೆಲೆಸುವ ಕನ್ನಡಿಗನಿಗೆ, ಅಂಗಳದಲ್ಲಿ ಸಂಪಿಗೆಯೊಂದಿರಬೇಕೆಂಬ ಆಸೆ ಸಹಜವಾದುದು. ಮಲೆನಾಡಿನಿಂದ ತಂದ ಸಸಿಗೆ ಬೇಸಗೆಯಲ್ಲಿ ನೀರು ಸಾಲದೆ ಹೋದೀತೆಂದು ಅವನು ಹೆದರುತ್ತಾನೆ. ವಾಸ್ತವವಾಗಿ ಅದು ಮೊದಲ ಮಳೆಗಾಲದಲ್ಲಿಯೇ ಬೇರು ಕೊಳೆತು ಸಾಯುವ ಸಂಭವ ಹೆಚ್ಚು.

ಸಂಪಿಗೆಯು ಮ್ಯಾಗ್ನೋಲಿಯಾ ಕುಲಕ್ಕೆ ಸೇರಿದ ಮರ. 1753ರಲ್ಲಿ ಲಿನೇಯಸನು ಇದನ್ನು ಮೈಕೇಲಿಯಾ ಎಂದು ಕರೆದಿದ್ದನು. ಈಗ ಸಸ್ಯಶಾಸ್ತ್ರಜ್ಞರು ಮ್ಯಾಗ್ನೋಲಿಯಾ ಚಂಪಕವೆನ್ನುತ್ತಾರೆ. ಶೀತದೇಶಗಳಲ್ಲಿ ವಸಂತದ ಆರಂಭಕ್ಕೆ ಬರಿಗೊಂಬೆಗಳಲ್ಲಿ ಅರಳುವ ಮ್ಯಾಗ್ನೋಲಿಯಾಗಳಂತೆಯೇ ಇದರ ಬೇರುಗಳೂ ಮೆದು, ಮಾಂಸಲ. ಎರೆಮಣ್ಣಾದರೋ ಮಳೆಯಲ್ಲಿ ಉಬ್ಬಿ ನೀರನ್ನು ಹಿಡಿದಿಡುತ್ತದೆ, ಬೇಸಗೆಯಲ್ಲಿ ಬಿರಿದು ಬೇರನ್ನು ಹರಿಯುತ್ತದೆ. ಅದರಲ್ಲಿ ಸುಣ್ಣದಂಶ ಹೆಚ್ಚಿದ್ದರೆ ಗಿಡಕ್ಕೆ ಕಬ್ಬಿಣ ದೊರೆಯದೆ ಎಳೆಯ ಎಲೆಗಳು ಹಳದಿಯಾಗುತ್ತವೆ.

ಆದುದರಿಂದ ತಗ್ಗಿನಲ್ಲಿ ಗುಂಡಿ ತೋಡುವುದು ತರವಲ್ಲ. ನೆಲದಿಂದ ಒಂದೆರಡು ಅಡಿ ಎತ್ತರದ ಅಗಲವಾದ ದಿಬ್ಬವನ್ನು ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ ಮಾಡಿ, ಮಳೆಯ ಬಿರುಸು ತಗ್ಗಿದ ಮೇಲೆ ಅದರ ಮೇಲೆ ನೆಡತಕ್ಕದ್ದು. ಬೇರಿನ ಹೆಂಟೆ ಒಡೆಯದಂತೆ ಪ್ಲಾಸ್ಟಿಕ್ ಚೀಲವನ್ನು ಕತ್ತರಿಸಿ ತೆಗೆಯಬೇಕು. ಒಮ್ಮೆ ನೆಟ್ಟ ಗಿಡವನ್ನು ಕಿತ್ತು ಬೇರೆಡೆ ನೆಡುವ ಯೋಚನೆ ಬೇಡ. ಬೇಸಗೆಯಲ್ಲಿ ಬುಡಕ್ಕೆ ಒಣಗಿದ ಎಲೆಯ ಹೊದಿಕೆ ಹಾಸಿದರೆ ಮಣ್ಣು ಬಿರಿಯುವುದು ಕಡಿಮೆಯಾಗುತ್ತದೆ.

ಸಸಿಯ ಆಯ್ಕೆ ಇನ್ನೂ ಮುಖ್ಯ. ಬೀಜದಿಂದ ಬೆಳೆದ ಗಿಡ ಹೂ ಬಿಡಲು ಏಳೆಂಟು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬೇಕು. ಅರುವತ್ತರಲ್ಲಿ ನಿವೃತ್ತನಾದವನು ಅಷ್ಟು ದೀರ್ಘಾವಧಿಯ ಠೇವಣಿಯನ್ನು ಇಡುವ ಮುನ್ನ ಯೋಚಿಸುವುದು ಲೇಸು. ಕಸಿಮಾಡಿದ ಗಿಡ ಎರಡು ಮೂರು ವರ್ಷಗಳಲ್ಲಿ ಹೂ ಕೊಡುತ್ತದೆ. ದಾದರಿನ ಮಾರುಕಟ್ಟೆಗೆ ಹೂ ಕಳುಹಿಸುವ ವಸಯಿಯ ಬೆಳೆಗಾರರೂ ಕಸಿಗಿಡಗಳನ್ನೇ ನೆಚ್ಚುತ್ತಾರೆ. ಕಸಿಯ ಗಂಟು ಮಣ್ಣಿನಿಂದ ಮೇಲಿರಬೇಕು. ಅದರ ಕೆಳಗಿನಿಂದ ಚಿಗುರುವ ಕವಲನ್ನು ಕರುಣೆ ತೋರದೆ ಚಿವುಟಬೇಕು, ಇಲ್ಲವಾದರೆ ಬುಡದ ಕಾಡುಸಸಿಯೇ ಮರವಾಗಿ ಮೇಲಿನ ಕಸಿ ಸೊರಗುತ್ತದೆ.

ನರ್ಸರಿಯಲ್ಲಿ ‘ಸೋನಚಾಫಾ’ ಎಂದೇ ಕೇಳಬೇಕು. ಬರಿಯ ‘ಚಾಫಾ’ ಎಂದರೆ ದೇವಕಣಗಿಲೆಯನ್ನೂ, ‘ಹಿರವಾ ಚಾಫಾ’ ಎಂದರೆ ಮನೋರಂಜಿನಿಯನ್ನೂ ಕೊಟ್ಟಾರು.